ನೋಡುವ ಮೊದಲು, ತೆಗೆಯುವ ಮೊದಲು: ಮಂಗಳೂರು–ಉಡುಪಿಯ ಕಲಾಸಂಗ್ರಹಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರವೂರಿನಿಂದ ಬಂದ ಗೆಳೆಯರನ್ನೂ ಚಿತ್ರಕಲೆ ಕಲಿಯುವ ಮಕ್ಕಳನ್ನೂ ಈ ಕರಾವಳಿಯ ವಸ್ತುಸಂಗ್ರಹಾಲಯಗಳಿಗೆ ಕರೆದುಕೊಂಡು ಹೋಗುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಬಾಗಿಲಲ್ಲಿ ನಿಂತು ಅವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಒಳಗೆ ಫೋಟೊ ತೆಗೀಬಹುದಾ?" ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ಆಗುವುದಿಲ್ಲ. ಅದರೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಆ ಸ್ಥಳದ ಒಡೆತನ ಇರುವವರು ಒಪ್ಪುತ್ತಾರೆಯೇ ಎಂಬುದು ಒಂದು, ಆ ಕೃತಿಯ ಹಕ್ಕು ಇನ್ನೂ ಯಾರ ಕೈಯಲ್ಲಾದರೂ ಇದೆಯೇ ಎಂಬುದು ಇನ್ನೊಂದು, ಅದನ್ನು ಕಲಾಕೃತಿಯೆಂದಲ್ಲದೆ ಪೂಜ್ಯವೆಂದು ನಂಬಿದವರು ಇದ್ದಾರೆಯೇ ಎಂಬುದು ಮತ್ತೊಂದು. ಒಂದಕ್ಕೆ ಸಿಕ್ಕ ಒಪ್ಪಿಗೆ ಉಳಿದೆರಡಕ್ಕೆ ಅನ್ವಯಿಸುವುದಿಲ್ಲ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಗಂಟನ್ನು ಬಿಡಿಸುವುದಕ್ಕೇ ಮೀಸಲಾಗಿವೆ.

ಕಲೆಯ ದೃಷ್ಟಿಯಿಂದ ಈ ಎರಡು ಊರುಗಳಲ್ಲಿ ಯಾವುದನ್ನು ನೋಡಬೇಕು?

ಮಂಗಳೂರಿನಲ್ಲಿ ಮೊದಲನೆಯದು ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ಅದು ವಸ್ತುಸಂಗ್ರಹಾಲಯವಲ್ಲ, ಇಂದಿಗೂ ಪ್ರಾರ್ಥನೆ ನಡೆಯುವ ಸ್ಥಳ. ಆದರೂ ಒಬ್ಬನೇ ಕಲಾವಿದನ ಕೈ ಗೋಡೆಯಿಂದ ಛಾವಣಿಯವರೆಗೆ ಹರಿದಿರುವುದನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ನಮ್ಮ ಕಡೆ ಬೇರೆಲ್ಲೂ ಇಲ್ಲ. ಅದೇ ಆವರಣದಲ್ಲಿ 1913ರಲ್ಲಿ ಆರಂಭವಾದ ಅಲೋಶಿಯಂ ಎಂಬ ವಸ್ತುಸಂಗ್ರಹಾಲಯವೂ ಇದೆ. ಎರಡನೆಯದು ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣಕ್ಕೆ ಸಮೀಪದಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕರ್ನಲ್ ವಿ. ಆರ್. ಮಿರಾಜ್ಕರ್ ಎಂಬ ಶಸ್ತ್ರವೈದ್ಯರು ತಮ್ಮ ತಾಯಿಯ ಹೆಸರಿನಲ್ಲಿ ಮನೆಯನ್ನೂ ಸಂಗ್ರಹವನ್ನೂ ಸರಕಾರಕ್ಕೆ ಬಿಟ್ಟುಕೊಟ್ಟರು, 1960ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಹಡಗಿನ ಆಕಾರದ ಆ ಕಟ್ಟಡವೇ ಅರ್ಧ ಪ್ರದರ್ಶನ. ಹೆಚ್ಚಿನವರು ಒಳಗಿನ ಶಿಲ್ಪ, ಲೋಹದ ವಿಗ್ರಹ, ಪಿಂಗಾಣಿ ನೋಡುವ ಅವಸರದಲ್ಲಿ ಹೊರಗಿನ ಆ ದುಂಡು ಅಂಚುಗಳನ್ನು ಗಮನಿಸದೆ ಹೋಗುತ್ತಾರೆ.

ಉಡುಪಿಯ ಕಡೆ ಹೋದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (1934–2017) ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳ ತೊಲೆ, ಕಂಬ, ಬಾಗಿಲುಗಳನ್ನು ಬಿಡಿಬಿಡಿಯಾಗಿ ತಂದು, ಮತ್ತೆ ಜೋಡಿಸಿ ಕಟ್ಟಿಸಿದ ಊರು ಅದು. ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರು ಎಲ್ಲವೂ ಒಂದೇ ಆವರಣದೊಳಗಿವೆ. ಅಲ್ಲಿಯೇ ರವಿವರ್ಮನ ಅಚ್ಚುಚಿತ್ರಗಳ ಮತ್ತು ತಂಜಾವೂರು ಚಿತ್ರಗಳ ಸಂಗ್ರಹವೂ ಇದೆ. ಮಣಿಪಾಲದಲ್ಲೇ ಚಿತ್ರಕಾರ ಕೆ. ಕೆ. ಹೆಬ್ಬಾರ್ ಅವರ ಹೆಸರಿನ ಗ್ಯಾಲರಿ ಮತ್ತು ಕಲಾಕೇಂದ್ರವಿದೆ. ಹೆಬ್ಬಾರರು ಹುಟ್ಟಿದ ಕಟ್ಟಿಂಗೇರಿ ಉಡುಪಿಯ ಹತ್ತಿರದ್ದೇ ಊರು. ನಾಣ್ಯಗಳಲ್ಲಿ ಆಸಕ್ತಿ ಇದ್ದವರಿಗೆ, 1906ರಲ್ಲಿ ಉಡುಪಿಯಲ್ಲಿ ಆರಂಭವಾದ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯವನ್ನು ಸೇರಿಸಿ ಹೇಳುತ್ತೇನೆ. 2020ರಲ್ಲಿ ವಿಲೀನಗೊಂಡು ಬ್ಯಾಂಕಿನ ಹೆಸರು ಅಳಿದರೂ ಆ ಹಳೆಯ ಮನೆ ನೋಡತಕ್ಕದ್ದೇ.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬಹುದೇ?

ಮುಗಿಸಬಹುದು, ಆದರೆ ನೋಡಿದಂತಾಗುವುದಿಲ್ಲ. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್ ದಾರಿ, ಅಲ್ಲಿಂದ ಮಣಿಪಾಲ ಐದಾರು ಕಿಲೋಮೀಟರ್. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದರೂ ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಕಳೆಯುತ್ತದೆ. ಹೆರಿಟೇಜ್ ವಿಲೇಜಿಗೆ ಒಂದು ಅರ್ಧ ದಿನ ಬೇಕೇ ಬೇಕು. ಮಂಗಳೂರಿಗೆ ಒಂದು ದಿನ, ಮಣಿಪಾಲ–ಉಡುಪಿಗೆ ಒಂದು ದಿನ ಎಂದು ಬೇರೆ ಮಾಡಿಕೊಳ್ಳಿ.

ರಜಾದಿನ ಯಾವುದು?

ನಮ್ಮಲ್ಲಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ, ಸರಕಾರಿ ರಜೆಗಳಲ್ಲೂ ಬಾಗಿಲು ಮುಚ್ಚಿರುತ್ತದೆ. ಸಮಯ ಮತ್ತು ಶುಲ್ಕ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಚಾಪೆಲ್‌ಗೆ ಭಾನುವಾರ ಬೆಳಗ್ಗೆ, ಮದುವೆಯ ದಿನ ಅಥವಾ ಕಾಲೇಜಿನ ವಿಶೇಷ ಪೂಜೆಯ ಹೊತ್ತಿನಲ್ಲಿ ಹೋದರೆ ಹೊರಗೆ ಕಾಯಬೇಕಾಗುತ್ತದೆ, ಕಾಯುವುದೇ ಸರಿ.

ಅಲೋಶಿಯಸ್ ಚಾಪೆಲ್‌ನ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲವಲ್ಲ, ಏಕೆ?

ಒಳಗೆ ಛಾಯಾಗ್ರಹಣಕ್ಕೆ ನಿರ್ಬಂಧವಿರುವುದು ನಿಜ. ಏಕೆಂದು ತಿಳಿಯಲು ಆ ಚಿತ್ರಗಳು ಹೇಗೆ ಆದವು ಎಂಬುದನ್ನು ಸ್ವಲ್ಪ ನೋಡಬೇಕು. ಅವುಗಳನ್ನು ಬರೆದ ಅಂತೋನಿಯೊ ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪ ಹುಟ್ಟಿ, ಅಲ್ಲಿನ ಪ್ರಸಿದ್ಧ ಕಲಾಶಾಲೆಯಲ್ಲಿ ಕಲಿತು, ಬಳಿಕ ಜೆಸ್ವಿತ್ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಂಘವನ್ನು ಸೇರಿದವರು. 1899ರಲ್ಲಿ ಮಂಗಳೂರಿಗೆ ಬಂದು ಎರಡು ವರ್ಷಗಳಷ್ಟು ಸಮಯದಲ್ಲಿ ಈ ಕೆಲಸವನ್ನು ಮುಗಿಸಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಗೋಡೆಗಳ ಮೇಲಿರುವುದು ಹಸಿ ಗಾರೆಯ ಚಿತ್ರ. ಸುಣ್ಣದ ಗಾರೆ ಇನ್ನೂ ಒದ್ದೆಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿದರೆ, ಸುಣ್ಣ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನ ಎಷ್ಟು ಬರೆಯಬಲ್ಲರೋ ಅಷ್ಟೇ ಗಾರೆ ಬಳಿಯಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಛಾವಣಿಯಲ್ಲಿರುವುದು ಬಟ್ಟೆಯ ಮೇಲೆ ಎಣ್ಣೆಬಣ್ಣ. ಪ್ಲೇಗು ಬಡಿದವರ ಸೇವೆ ಮಾಡುತ್ತ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ಅಲೋಶಿಯಸ್ ಗೊಂಜಾಗ ಎಂಬ ಸಂತನ ಬದುಕು ಅಲ್ಲಿ ನಡುಸಾಲಿನಲ್ಲಿ ಸಾಗುತ್ತದೆ.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಸುಣ್ಣದ ಗೋಡೆಯ ಮೊದಲ ಶತ್ರು ಕ್ಯಾಮೆರಾ ಅಲ್ಲ, ಸೋರುವ ಮಾಡು. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆಯ ಸಂರಕ್ಷಣೆಗೆಂದೇ ಇರುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳ ಸಂರಕ್ಷಣೆಯ ಕೆಲಸ ಮಾಡಿದ್ದರು. ಹಾಗಾಗಿ ನಿರ್ಬಂಧವನ್ನು ಕೇವಲ ಬಣ್ಣದ ರಕ್ಷಣೆಗೆಂದು ತಿಳಿಯಬೇಡಿ. ಬೆಂಚಿನಲ್ಲಿ ಒಬ್ಬರು ಕಣ್ಣು ಮುಚ್ಚಿ ಕುಳಿತಿರುವಾಗ ಹತ್ತು ಮಂದಿ ಮೊಬೈಲ್ ಎತ್ತಿ ನಿಲ್ಲುವುದು ಚೆನ್ನಾಗಿರುವುದಿಲ್ಲ, ನನಗೆ ಕಾಣುವ ಮುಖ್ಯ ಕಾರಣ ಅದೇ.

ಈ ಚಾಪೆಲನ್ನು ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ಗೆ ಹೋಲಿಸುವವರು ಬಹಳ. ಕಲೆಯ ದೃಷ್ಟಿಯಿಂದ ಆ ಹೋಲಿಕೆ ಸ್ವಲ್ಪ ಹೆಚ್ಚಾಯಿತು, ಮೊಸ್ಕೇನಿಯ ಘನತೆಗೆ ಅದು ಬೇಕಾಗಿಯೂ ಇಲ್ಲ. ಆದರೆ ಫೋಟೊ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ಸಿಸ್ಟೈನ್‌ನಲ್ಲಿ ನಿಷೇಧ ಬಂದದ್ದು 1980ರ ದಶಕದಲ್ಲಿ, ಜೀರ್ಣೋದ್ಧಾರಕ್ಕೆ ಹಣ ಕೊಟ್ಟ ಜಪಾನಿನ ನಿಪ್ಪಾನ್ ಟೆಲಿವಿಷನ್ ಕಂಪನಿಗೆ ಚಿತ್ರೀಕರಣದ ಏಕಮಾತ್ರ ಹಕ್ಕನ್ನು ಬರೆದುಕೊಟ್ಟಿದ್ದರಿಂದ. ಆ ಒಪ್ಪಂದದ ಅವಧಿ ಮುಗಿದು ಎಷ್ಟೋ ವರ್ಷಗಳಾದರೂ ನಿಷೇಧ ಹಾಗೆಯೇ ಉಳಿದಿದೆ. "ಫೋಟೊ ತೆಗೆಯಬಾರದು" ಎಂಬ ಒಂದೇ ಬೋರ್ಡಿನ ಹಿಂದೆ ಎಲ್ಲ ಕಡೆಯೂ ಒಂದೇ ಕಾರಣ ಇರುವುದಿಲ್ಲ.

ಫ್ಲ್ಯಾಶ್ ಬೆಳಕಿನಿಂದ ಚಿತ್ರಗಳಿಗೆ ನಿಜವಾಗಿಯೂ ಹಾನಿ ಆಗುತ್ತದೆಯೇ?

ಜನ ನಂಬಿರುವಷ್ಟು ಆಗುವುದಿಲ್ಲ. ಆದರೂ ಫ್ಲ್ಯಾಶ್ ಹಾಕಬೇಡಿ. ಈ ಎರಡು ಮಾತುಗಳೂ ಒಟ್ಟಿಗೆ ನಿಜ.

ಬೆಳಕಿನ ಹಾನಿ ಕೂಡುತ್ತಾ ಹೋಗುವ ಲೆಕ್ಕ, ಎಷ್ಟು ಪ್ರಖರ ಮತ್ತು ಎಷ್ಟು ಹೊತ್ತು ಎಂಬೆರಡರ ಗುಣಾಕಾರ. ನೀರುಬಣ್ಣ, ಕಾಗದ, ಬಟ್ಟೆಗಳಿಗೆ 50 ಲಕ್ಸ್ ಬೆಳಕು ಸಾಕು, ಎಣ್ಣೆಬಣ್ಣಕ್ಕೆ 200 ಲಕ್ಸ್ ಮೀರಬಾರದು ಎಂಬುದು ವಸ್ತುಸಂಗ್ರಹಾಲಯಗಳು ಅನುಸರಿಸಿಕೊಂಡು ಬಂದ ಅಳತೆ. ನಮ್ಮ ಅಂಗಳದ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸಿನ ಸುಮಾರಿಗೆ ಇರುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಪ್ರಖರವಾದರೂ ಉರಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಹಾಗಾಗಿ ತೆರೆದ ಕಿಟಕಿಯ ಎದುರು ವರ್ಷಗಟ್ಟಲೆ ನೇತಾಡುವ ಒಂದು ಚಿತ್ರಕ್ಕೆ ಕಿಟಕಿಯಿಂದ ಆಗುವ ಹಾನಿಯ ಮುಂದೆ ನಿಮ್ಮ ಒಂದು ಫ್ಲ್ಯಾಶ್ ಏನೇನೂ ಅಲ್ಲ. ಪರದೆ ಇಲ್ಲದ ಕಿಟಕಿಯ ಪಕ್ಕದಲ್ಲೇ "ಫ್ಲ್ಯಾಶ್ ನಿಷೇಧ" ಎಂಬ ಬೋರ್ಡು ತೂಗಿರುವುದನ್ನು ಕಂಡಾಗ ನನಗೆ ನಗು ಬಂದದ್ದುಂಟು.

ಹಾಗಿದ್ದರೂ ಬೇಡವೆನ್ನಲು ಕಾರಣಗಳಿವೆ. ಶಾಲೆಯ ಪ್ರವಾಸದ ದಿನ ಒಂದೇ ತಾಳೆಗರಿಯ ಮುಂದೆ ಮುನ್ನೂರು ಫ್ಲ್ಯಾಶ್ ಹೊಡೆದರೆ ಲೆಕ್ಕ ಬೇರೆಯಾಗುತ್ತದೆ. ಪಕ್ಕದಲ್ಲಿ ನೋಡುತ್ತಿರುವವರ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ ಚಿತ್ರವೇ ಕೆಡುತ್ತದೆ. ತಂಜಾವೂರು ಚಿತ್ರದಲ್ಲಿ ಉಬ್ಬಿಸಿದ ಲೇಪದ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ, ನೇರವಾಗಿ ಫ್ಲ್ಯಾಶ್ ಬಿದ್ದರೆ ಕೃಷ್ಣನ ಕಿರೀಟವಿರಬೇಕಾದ ಕಡೆ ಒಂದು ಬಿಳಿ ಕಲೆ ಮಾತ್ರ ಉಳಿಯುತ್ತದೆ. ಅದೇ ಚಿತ್ರದ ಎದುರು ನಿಂತು ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ ಸರಿದು ನೋಡಿ. ಒಂದು ಜಾಗದಲ್ಲಿ ಚಿನ್ನ ತಟ್ಟನೆ ಬೆಚ್ಚಗಾಗಿ, ಹಾರದ ಒಂದೊಂದು ಮಣಿಯ ಕೆಳಗೂ ಸಣ್ಣ ನೆರಳು ಕಾಣುತ್ತದೆ. ಕ್ಯಾಮೆರಾ ಹಿಡಿಯಬೇಕಾದ ಜಾಗ ಅದೇ.

ಗಾಜಿನ ಚೌಕಟ್ಟಿನೊಳಗಿನ ಚಿತ್ರದಲ್ಲಿ ನಮ್ಮದೇ ಪ್ರತಿಬಿಂಬ ಬೀಳುತ್ತದೆ. ಏನು ಮಾಡುವುದು?

ಈ ಪಾಠವನ್ನು ನಾನು ಕಲಿತದ್ದು ಒಂದು ಬಿಳಿ ಅಂಗಿಯಿಂದ. ಹಲವು ವರ್ಷಗಳ ಹಿಂದೆ, ಬೇರೆ ಊರಿನ ಒಂದು ಸಂಗ್ರಹದಲ್ಲಿ, ಅನುಮತಿ ಪಡೆದು ರವಿವರ್ಮನ ಅಚ್ಚುಚಿತ್ರಗಳನ್ನು ಒಂದು ಇಡೀ ಬೆಳಗ್ಗೆ ತೆಗೆದಿದ್ದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಸರಸ್ವತಿಯ ವೀಣೆಯ ನಡುವೆ ನನ್ನ ಇಸ್ತ್ರಿ ಹಾಕಿದ ಅಂಗಿ, ಗುಂಡಿಗಳ ಸಮೇತ! ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದೂ ಬಳಸಲು ಬರಲಿಲ್ಲ.

ಅಂದಿನಿಂದ ಸಂಗ್ರಹಾಲಯಕ್ಕೆ ಕಪ್ಪು ಅಥವಾ ಕಡುನೀಲಿ ಅಂಗಿಯಲ್ಲದೆ ಬೇರೆ ಹಾಕುವುದಿಲ್ಲ. ಗಾಜಿನಲ್ಲಿ ಕಾಣುವುದು ನಿಮ್ಮ ಹಿಂದಿರುವ ಬೆಳಕು. ಆದ್ದರಿಂದ ಮೊದಲು ತಿರುಗಿ ನೋಡಿ, ಬೆನ್ನ ಹಿಂದೆ ಕಿಟಕಿಯೋ ಟ್ಯೂಬ್‌ಲೈಟೋ ಇದ್ದರೆ ಅದು ಚಿತ್ರದೊಳಗೆ ಬಂದೇ ಬರುತ್ತದೆ. ಜೊತೆಯವರು ಹಿಂದೆ ಒಂದು ಕಪ್ಪು ಬಟ್ಟೆ ಹಿಡಿದು ನಿಂತರೆ ಬಹಳ ಸಹಾಯವಾಗುತ್ತದೆ, ಆದರೆ ಇತರರಿಗೆ ಅಡ್ಡವಾಗದ ಹೊತ್ತು ನೋಡಿಕೊಳ್ಳಬೇಕು. ಪೋಲರೈಸಿಂಗ್ ಫಿಲ್ಟರ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಗಾಜಿನ ಎದುರು ನೇರವಾಗಿ ನಿಂತಾಗ ಅದು ಏನೂ ಮಾಡುವುದಿಲ್ಲ. ಗಾಜಿಗೆ ನೇರದಿಂದ ಸುಮಾರು 55 ಡಿಗ್ರಿ ಓರೆಯಾಗಿ ನಿಂತಾಗ ಅದರ ಕೆಲಸ ಚೆನ್ನಾಗಿ ಕಾಣುತ್ತದೆ, ಆದರೆ ಅಷ್ಟು ಓರೆಯಿಂದ ತೆಗೆದರೆ ಚೌಕಟ್ಟು ಸೊಟ್ಟಗಾಗುತ್ತದೆ. ನಾಣ್ಯದಂಥ ಚಿಕ್ಕ ವಸ್ತುವಿಗೆ ಈ ಓರೆ ನೋಟ ಲೇಸು, ಚಿತ್ರಕ್ಕೆ ಅಲ್ಲ. ಯಾವ ಕಾರಣಕ್ಕೂ ಲೆನ್ಸನ್ನು ಗಾಜಿಗೆ ಒತ್ತಬೇಡಿ.

ಮೊಬೈಲ್ ಸಾಕೇ, ಕ್ಯಾಮೆರಾ ಬೇಕೇ?

ನೆನಪಿಗೆ ಮತ್ತು ಅಭ್ಯಾಸಕ್ಕೆ ಮೊಬೈಲ್ ಧಾರಾಳ ಸಾಕು. ಎರಡು ವಿಷಯ ಮಾತ್ರ ಗಮನಿಸಿ. ಮೊದಲನೆಯದು, ಚಿತ್ರದ ನಡುಭಾಗ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಮೊಬೈಲನ್ನು ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ, ಕೆಳಗಿನಿಂದ ಎತ್ತಿ ಹಿಡಿದರೆ ಮೇಲ್ಭಾಗ ಕಿರಿದಾಗುತ್ತದೆ. ಎರಡನೆಯದು ಬಣ್ಣ. ಹಳದಿ ಬಲ್ಬಿನ ಕೆಳಗೆ ಮೊಬೈಲ್ ತನಗೆ ತೋಚಿದ ಬಣ್ಣವನ್ನು ಕೊಡುತ್ತದೆ, ಕೆಲವು ಮೊಬೈಲುಗಳು ತಾವಾಗಿಯೇ ಬಣ್ಣವನ್ನು ಗಾಢವಾಗಿಸಿ ಹಳೆಯ ಅಚ್ಚುಚಿತ್ರವನ್ನು ಹೊಸ ಕ್ಯಾಲೆಂಡರಿನಂತೆ ಮಾಡಿಬಿಡುತ್ತವೆ. ಒಂದು ಬಿಳಿ ಕಾಗದವನ್ನು ಪಕ್ಕದಲ್ಲಿ ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ನಂತರ ಬಣ್ಣ ಸರಿಪಡಿಸಲು ದಾರಿ ಇರುತ್ತದೆ.

ಹಳೆಯ ಮನೆಗಳ ಒಳಗೆ ಕತ್ತಲೆ ಹೆಚ್ಚು. ಅಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯ ಅಂಕ) 1600ಕ್ಕೋ 3200ಕ್ಕೋ ಏರಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ತೆಗೆಯಿರಿ. ಕಂಬಕ್ಕೆ ಒರಗಬೇಡಿ. ನೂರು ವರ್ಷ ಕಳೆದ ಮರಕ್ಕೆ ದಿನಕ್ಕೆ ಐವತ್ತು ಬೆವರಿದ ಬೆನ್ನುಗಳು ತಾಗಿದರೆ ಏನಾಗುತ್ತದೆ ಎಂಬುದು ಯಾವ ಹಳೆಯ ಮನೆಯ ಕಂಬದ ನಡುಭಾಗವನ್ನು ನೋಡಿದರೂ ತಿಳಿಯುತ್ತದೆ. ಟ್ರೈಪಾಡಿಗೆ ಬಹುತೇಕ ಎಲ್ಲ ಕಡೆ ಪ್ರತ್ಯೇಕ ಅನುಮತಿ ಬೇಕು, ಸೆಲ್ಫಿ ಕೋಲನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಮಳೆಗಾಲದಲ್ಲಿ ಹೋಗಬಹುದೇ?

ಖಂಡಿತ. ಜನ ಕಡಿಮೆ, ಬೆಳಕು ಮೃದು. ಜೂನ್–ಜುಲೈಯಲ್ಲಿ ನಡುಮನೆಯ ಅಂಗಳಕ್ಕೆ ಮಳೆ ಬೀಳುವಾಗ ಚೌಕಿಮನೆಯ ಜಗಲಿಯಲ್ಲಿ ಕುಳಿತವರಿಗೇ ಆ ಮನೆಯನ್ನು ಏಕೆ ಹಾಗೆ ಕಟ್ಟಿದರು ಎಂಬುದು ಅರ್ಥವಾಗುತ್ತದೆ. ಒದ್ದೆ ಕೊಡೆಯನ್ನು ಬಾಗಿಲಲ್ಲೇ ಬಿಡಿ, ತೊಟ್ಟಿಕ್ಕುವ ಕೊಡೆಯೊಡನೆ ಮರದ ನೆಲದ ಮೇಲೆ ನಡೆಯುವುದು ಅಪರಾಧವೆಂದೇ ನನ್ನ ಲೆಕ್ಕ. ಹವಾನಿಯಂತ್ರಿತ ಗ್ಯಾಲರಿಯಿಂದ ಹೊರಗಿನ ತೇವಕ್ಕೆ ಬಂದೊಡನೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಕ್ಯಾಮೆರಾವನ್ನು ಚೀಲದೊಳಗೇ ಹತ್ತು ಹದಿನೈದು ನಿಮಿಷ ಇಟ್ಟು ಆಮೇಲೆ ತೆರೆಯಿರಿ, ಒರೆಸಿ ಪ್ರಯೋಜನವಿಲ್ಲ. ಮಳೆಗಾಲ ಮುಗಿಯುವವರೆಗೆ ಬೀರುವಿನಲ್ಲಿ ಮುಚ್ಚಿಟ್ಟ ಲೆನ್ಸಿನೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ. ನನ್ನ ಒಂದು ಹಳೆಯ ಲೆನ್ಸ್ ಹೋದದ್ದು ಹಾಗೆಯೇ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಳಸುತ್ತಿರಿ.

ಹೆಬ್ಬಾರರ ಚಿತ್ರದ ಫೋಟೊ ತೆಗೆದು ನನ್ನ ಪುಟದಲ್ಲಿ ಹಾಕಿಕೊಳ್ಳಬಹುದೇ? ರವಿವರ್ಮನದ್ದಾದರೆ?

ಇಲ್ಲಿ ಎರಡನೆಯ ಪ್ರಶ್ನೆ, ಅಂದರೆ ಕೃತಿಯ ಹಕ್ಕಿನ ಪ್ರಶ್ನೆ ಬರುತ್ತದೆ, ಹೆಚ್ಚಿನ ಗೊಂದಲ ಇರುವುದೂ ಇಲ್ಲಿಯೇ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದ್ದು. ಚಿತ್ರಕಾರನ ಜೀವಿತಕಾಲ ಪೂರ್ತಿ, ಮತ್ತು ಅವನು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ಕೆ. ಕೆ. ಹೆಬ್ಬಾರ್ ತೀರಿಕೊಂಡದ್ದು 1996ರಲ್ಲಿ. ಆದ್ದರಿಂದ ಅವರ ಚಿತ್ರಗಳ ಹಕ್ಕು 2056ರ ಡಿಸೆಂಬರ್ ಕೊನೆಯವರೆಗೆ ಉಳಿದಿರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಮೊಸ್ಕೇನಿ 1905ರಲ್ಲಿ, ಇವರಿಬ್ಬರ ಕೃತಿಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಆದರೆ ಅವಧಿ ಮುಗಿದಿದೆ ಎಂದ ಮಾತ್ರಕ್ಕೆ ಚಾಪೆಲ್‌ನೊಳಗೆ ಕ್ಯಾಮೆರಾ ಎತ್ತಬಹುದು ಎಂದಾಗುವುದಿಲ್ಲ. ಹಕ್ಕು ಕಾನೂನಿನ ಮಾತು, ಪ್ರವೇಶದ ನಿಯಮ ಮನೆಯವರ ಮಾತು.

ಇದರ ತಿರುವುಮುರುವು ಕೂಡ ನಿಜ. ಗ್ಯಾಲರಿಯವರು "ಫೋಟೊ ತೆಗೆಯಿರಿ" ಎಂದು ಸಂತೋಷದಿಂದ ಹೇಳಬಹುದು, ಆದರೆ ಚಿತ್ರವನ್ನು ಕೊಂಡವರೆಲ್ಲ ಅದರ ಕೃತಿಸ್ವಾಮ್ಯವನ್ನೂ ಕೊಂಡಿರುವುದಿಲ್ಲ. ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ಬಳಸುವುದಕ್ಕೆ ಕಾಯಿದೆಯಲ್ಲಿ ಎಡೆಯಿದೆ. ಹೆಬ್ಬಾರರ ಒಂದು ರೇಖಾಚಿತ್ರವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರಲು ಹೊರಟರೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು.

ಇನ್ನೊಂದು ಸೂಕ್ಷ್ಮವಿದೆ. ಸಾರ್ವಜನಿಕ ಜಾಗದಲ್ಲಿ ಅಥವಾ ಸಾರ್ವಜನಿಕರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ನಿಲ್ಲಿಸಿರುವ ಶಿಲ್ಪದ ಫೋಟೊ ತೆಗೆಯುವುದು ಹಕ್ಕಿನ ಉಲ್ಲಂಘನೆಯಲ್ಲ ಎಂದು ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕಟ್ಟಡಗಳಿಗೂ ಇಂಥ ವಿನಾಯಿತಿ ಉಂಟು. ಗೋಡೆಯಲ್ಲಿ ತೂಗುಹಾಕಿದ ಚಿತ್ರವನ್ನು ಆ ಮಾತು ಹೆಸರಿಸುವುದಿಲ್ಲ. ಬಿಜೈಯ ಹಡಗಿನ ಕಟ್ಟಡವನ್ನು ರಸ್ತೆಯಲ್ಲಿ ನಿಂತು ತೆಗೆಯಲು ಯಾರೂ ಅಡ್ಡಿ ಮಾಡುವಂತಿಲ್ಲ, ಈಗಿನ ಕಲಾವಿದರ ಚಿತ್ರಪ್ರದರ್ಶನಕ್ಕೆ ಹೋದಾಗ ಮಾತ್ರ ಕಲಾವಿದರನ್ನೇ ಕೇಳಿ. ಪ್ರದರ್ಶನದ ದಿನಗಳಲ್ಲಿ ಅವರು ಅಲ್ಲಿಯೇ ಕುರ್ಚಿ ಹಾಕಿ ಕುಳಿತಿರುತ್ತಾರೆ, ಕೇಳಿದರೆ ಖುಷಿಯಿಂದ ಒಪ್ಪುತ್ತಾರೆ.

ದೈವದ ಮೊಗ, ಮರದ ಭೂತಶಿಲ್ಪಗಳ ಫೋಟೊ ತೆಗೆಯುವುದು ತಪ್ಪೇ?

ತುಳುನಾಡಿನಲ್ಲಿ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ಆಗುವುದಿಲ್ಲ. ಪಂಜುರ್ಲಿ ಎಂಬ ದೈವದ ಹಂದಿಮುಖದ ಮೊಗ (ಮುಖವಾಡ) ಗಾಜಿನ ಪೆಟ್ಟಿಗೆಯೊಳಗಿದ್ದರೆ ಪರವೂರಿನವರಿಗೆ ಅದು ಲೋಹದ ಕಲೆ. ಪಕ್ಕದಲ್ಲೇ ನಿಂತ ನಮ್ಮೂರಿನ ಹಿರಿಯರೊಬ್ಬರು ಚಪ್ಪಲಿ ಕಳಚಿ ಕೈಮುಗಿಯುವುದನ್ನು ನಾನು ಕಂಡಿದ್ದೇನೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ, ಮೆಕ್ಕೆಕಟ್ಟಿನಲ್ಲಿ ಹೊಸ ಮೂರ್ತಿಗಳಿಗೆ ಆರಾಧನೆ ನಡೆದೇ ಇದೆ. ಒಂದೇ ರೂಪ ಅಲ್ಲಿ ಪ್ರದರ್ಶನದ ವಸ್ತು, ಇಲ್ಲಿ ನಂಬಿಕೆಯ ಮೂರ್ತಿ.

ನನ್ನ ಪದ್ಧತಿ ಹೀಗಿದೆ. ಸಂಗ್ರಹಾಲಯದೊಳಗೆ ಅನುಮತಿ ಇದ್ದರೆ ತೆಗೆಯುತ್ತೇನೆ, ಆದರೆ ಮೂರ್ತಿಯ ಪಕ್ಕ ನಿಂತು ಅದರ ಹಾಗೆ ನಾಲಿಗೆ ಚಾಚಿ, ಕಣ್ಣರಳಿಸಿ ಪೋಸು ಕೊಡುವವರ ಫೋಟೊ ತೆಗೆದುಕೊಡುವುದಿಲ್ಲ. ದೈವಸ್ಥಾನದಲ್ಲಿ, ದೈವಾರಾಧನೆಯ ಕೋಲ ನಡೆಯುವಲ್ಲಿ ಅದರ ಹೊಣೆ ಹೊತ್ತ ಗುತ್ತಿನ ಮನೆಯವರನ್ನು ಕೇಳದೆ ಕ್ಯಾಮೆರಾ ಹೊರತೆಗೆಯುವುದಿಲ್ಲ, ಅವರು ಬೇಡವೆಂದರೆ ಕಾರಣ ಕೇಳುವುದಿಲ್ಲ. ಮೂಡುಬಿದಿರೆಯ ಬಸದಿಗಳಿಗೂ ಇದೇ ಮಾತು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಹೊರಗಿನ ಕಂಬಗಳನ್ನು ದಿನವಿಡೀ ತೆಗೆಯಬಹುದು, ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಗರ್ಭಗುಡಿಯ ಕಡೆಗೆ ಕ್ಯಾಮೆರಾ ತಿರುಗಿಸುವ ಮೊದಲು ಅಲ್ಲಿನವರನ್ನು ಕೇಳಬೇಕು. ಚರ್ಮದ ಬೆಲ್ಟು, ಚರ್ಮದ ಕ್ಯಾಮೆರಾ ಚೀಲಗಳನ್ನು ಹೊರಗಿಟ್ಟು ಹೋಗುವುದು ಒಳ್ಳೆಯದು.

ಬೋರ್ಡ್ ಇಲ್ಲ, ಆದರೂ ಕಾವಲಿನವರು "ಫೋಟೊ ತೆಗೀಲಿಕ್ಕಿಲ್ಲ" ಎನ್ನುತ್ತಾರೆ. ವಾದಿಸಬಹುದೇ?

ವಾದಿಸಬೇಡಿ. ಅವರು ಹೇಳುತ್ತಿರುವುದು ಅವರಿಗೆ ಮೇಲಿನವರು ಹೇಳಿದ ಮಾತು. ಕಚೇರಿಗೆ ಹೋಗಿ ಕ್ಯೂರೇಟರನ್ನು ಕಂಡು ಮಾತಾಡಿ. ಟಿಕೆಟ್ ಕೊಳ್ಳುವಾಗಲೇ "ಮೊಬೈಲಿನಲ್ಲಿ ತೆಗೆಯಬಹುದೇ, ಕ್ಯಾಮೆರಾಕ್ಕೆ ಬೇರೆ ಶುಲ್ಕವುಂಟೇ, ವಿಡಿಯೊಗೆ?" ಎಂದು ಮೂರನ್ನೂ ಬೇರೆಬೇರೆಯಾಗಿ ಕೇಳಿ, ರಸೀದಿ ಇಟ್ಟುಕೊಳ್ಳುವುದು ಉತ್ತಮ. ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2018ರಲ್ಲಿ ಅಜಂತಾ ಗುಹೆ, ಲೇಹ್ ಅರಮನೆ, ತಾಜ್ ಮಹಲಿನ ಗೋರಿಯ ಭಾಗಗಳನ್ನು ಬಿಟ್ಟು ಉಳಿದ ಸಂರಕ್ಷಿತ ಸ್ಮಾರಕಗಳಲ್ಲಿ ಛಾಯಾಗ್ರಹಣಕ್ಕೆ ಅವಕಾಶ ಕೊಟ್ಟಿತು. ಅದನ್ನು ಓದಿದ ಕೆಲವರು ಆ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ ಎಲ್ಲ ಕಡೆ ಜಗಳವಾಡುತ್ತಾರೆ. ಖಾಸಗಿ ಸಂಗ್ರಹಕ್ಕೂ ಕಾಲೇಜಿನ ಚಾಪೆಲ್‌ಗೂ ಆ ಆದೇಶಕ್ಕೂ ಸಂಬಂಧವಿಲ್ಲ.

ಪ್ರೀ-ವೆಡ್ಡಿಂಗ್ ಶೂಟ್, ರೀಲ್ಸ್ ಮಾಡಬಹುದೇ?

ಲಿಖಿತ ಅನುಮತಿ ಮತ್ತು ಶುಲ್ಕ ಇಲ್ಲದೆ ಇಲ್ಲ. ಅನುಮತಿ ಸಿಕ್ಕರೂ ನನ್ನ ಸಲಹೆ ಬೇಡವೆಂದೇ. ತೊಟ್ಟಿಲಿನಲ್ಲಿ ಕುಳಿತು ಜೀಕಲು, ಬಾವಿಕಟ್ಟೆಯ ಮೇಲೆ ನಿಲ್ಲಲು, ಬಣ್ಣದ ಹೊಗೆ ಬಿಡಲು ಆ ಮನೆಗಳನ್ನು ಉಳಿಸಿದ್ದಲ್ಲ. ಇದಕ್ಕೆ ಮಲ್ಪೆಯ ಕಡಲು ಬೇಕಾದಷ್ಟು ಉದ್ದವಿದೆ.

ಮಕ್ಕಳನ್ನು ಕರೆದೊಯ್ದರೆ ಏನು ಮಾಡಿಸಬೇಕು?

ಮೊದಲ ಅರ್ಧ ಗಂಟೆ ಮೊಬೈಲ್ ಚೀಲದಲ್ಲಿರಲಿ, ಕೈಗೆ ಪೆನ್ಸಿಲ್ ಮತ್ತು ಒಂದು ಹಾಳೆ ಕೊಡಿ. ಪೆನ್ ಬೇಡ, ಶಾಯಿಯ ಕಲೆ ತೊಳೆದರೆ ಹೋಗುವುದಿಲ್ಲ. ಹೆಬ್ಬಾರರ ಒಂದು ರೇಖೆಯನ್ನು ಕೈಯೆತ್ತದೆ ನಕಲು ಮಾಡಿ ಎಂದು ನಾನು ಏಳನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಕುಣಿಯುವವಳ ಸೊಂಟದ ತಿರುವಿನವರೆಗೆ ಎಲ್ಲರದೂ ಸರಿಯಾಗಿ ಬಂತು, ಅಲ್ಲಿಂದ ಮುಂದೆ ರೇಖೆ ತೆಳ್ಳಗಾಗಿ ಮೊಣಕಾಲಿನ ಬಳಿ ಮತ್ತೆ ದಪ್ಪಗಾಗುವುದನ್ನು ಒಬ್ಬಳು ಹುಡುಗಿ ಮಾತ್ರ ಗಮನಿಸಿದ್ದಳು. "ಇಲ್ಲಿ ಅವರು ಕೈ ನಿಧಾನ ಮಾಡಿದ್ದಾರೆ ಸರ್" ಎಂದಳು. ಫೋಟೊ ತೆಗೆದುಕೊಂಡು ಮುಂದೆ ಹೋಗಿದ್ದರೆ ಅವಳಿಗೂ ಅದು ಕಾಣುತ್ತಿರಲಿಲ್ಲ, ಅವಳು ಹೇಳುವವರೆಗೆ ನನಗೂ ಕಂಡಿರಲಿಲ್ಲ.

ಪುಸ್ತಕಕ್ಕೆ ಅಥವಾ ಪ್ರಬಂಧಕ್ಕೆ ಒಳ್ಳೆಯ ಗುಣಮಟ್ಟದ ಚಿತ್ರ ಬೇಕು. ಹೇಗೆ ಕೇಳುವುದು?

ಕನಿಷ್ಠ ಒಂದು ತಿಂಗಳು ಮೊದಲು ಪತ್ರ ಬರೆಯಿರಿ. ಯಾವ ಕೃತಿ, ಯಾವ ಪ್ರಕಟಣೆ, ಎಷ್ಟು ಪ್ರತಿ, ಮಾರಾಟಕ್ಕೋ ಅಲ್ಲವೋ, ಟ್ರೈಪಾಡ್ ಮತ್ತು ದೀಪ ತರುತ್ತೀರೋ ಎಂಬುದನ್ನೆಲ್ಲ ಸ್ಪಷ್ಟವಾಗಿ ಹೇಳಿ, ಸಂಸ್ಥೆಯ ಹೆಸರನ್ನು ಹೇಗೆ ನಮೂದಿಸಬೇಕೆಂದು ಕೇಳಿ, ಪ್ರಕಟವಾದ ಮೇಲೆ ಒಂದು ಪ್ರತಿ ಕಳುಹಿಸುವುದಾಗಿ ಬರೆಯಿರಿ. ಆ ಮೇಲೆ ನೆನಪಿಟ್ಟು ಕಳುಹಿಸಿ, ಕಳುಹಿಸದವರಿಂದಲೇ ಮುಂದಿನವರಿಗೆ ಬಾಗಿಲು ಮುಚ್ಚುವುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕು ಮುಗಿದ ಕೃತಿಗಳ ಮೂರೂ ಮುಕ್ಕಾಲು ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಅಲ್ಲಿರುವ ಭಾರತೀಯ ಚಿತ್ರಗಳು ಉಡುಪಿಯ ಮನೆಯಲ್ಲಿ ಕುಳಿತವರಿಗೆ ಸುಲಭವಾಗಿ ಸಿಗುತ್ತವೆ, ಪಕ್ಕದ ಊರಿನದ್ದು ಸಿಗುವುದಿಲ್ಲ ಎಂಬುದು ನಮ್ಮ ಕಾಲದ ಒಂದು ವಿಚಿತ್ರ.

ಮನೆಗೆ ಬಂದ ಮೇಲೆ ಇಷ್ಟೊಂದು ಫೋಟೊಗಳನ್ನು ಏನು ಮಾಡುವುದು?

ಅದೇ ದಿನ ರಾತ್ರಿ ಕುಳಿತು ಹೆಸರಿಡಿ. ಪ್ರತಿ ಕೃತಿಯ ಮೊದಲು ಅದರ ಪಕ್ಕದ ಚೀಟಿಯ ಫೋಟೊ ತೆಗೆಯುವ ಅಭ್ಯಾಸವಿದ್ದರೆ ಈ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ಒಂದು ತಿಂಗಳ ನಂತರ ಯಾವ ಕಂಬ ಯಾವ ಮನೆಯದ್ದೆಂದು ನಿಮಗೇ ತಿಳಿಯುವುದಿಲ್ಲ. ಸ್ಥಳ, ದಿನಾಂಕ, ಕೃತಿ, ಕಲಾವಿದ, ಅನುಮತಿ ಕೊಟ್ಟವರ ಹುದ್ದೆ, ಇಷ್ಟನ್ನು ಫೈಲಿನ ಹೆಸರಿನಲ್ಲೋ ಒಂದು ನೋಟ್ ಪುಸ್ತಕದಲ್ಲೋ ಬರೆದಿಡಿ. ಚೀಟಿಯಲ್ಲಿ ತಪ್ಪಿದೆ ಎಂದು ಕಂಡರೆ ಅದನ್ನು ಎಲ್ಲರ ಮುಂದೆ ಪ್ರಕಟಿಸುವ ಮೊದಲು ಕಚೇರಿಗೆ ಒಂದು ಪತ್ರ ಹಾಕಿ. ನಾನು ಹಾಗೆ ಬರೆದ ಒಂದು ಪತ್ರಕ್ಕೆ ಉತ್ತರ ಬರಲಿಲ್ಲ, ಆದರೆ ಮುಂದಿನ ಸಲ ಹೋದಾಗ ಆ ಚೀಟಿ ಬದಲಾಗಿತ್ತು, ಹೊಸ ಕಾಗದದ ಅಂಚಿನಲ್ಲಿ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ.